ಬಿಸ್ಮತ್ ಫೆರೈಟ್ ಪುಡಿ: 62 ನ್ಯಾನೊಮೀಟರಿನ ಆಚೆ ಈಚೆ

ಕಲಬುರಗಿ, ಬೇಸಿಗೆ ಬ್ಯಾಚಿನ ಟಿಪ್ಪಣಿ

ಬಿಸ್ಮತ್, ಕಬ್ಬಿಣ, ಆಕ್ಸಿಜನ್ ಸೇರಿದ ಬಿಸ್ಮತ್ ಫೆರೈಟಿನಲ್ಲಿ ಕಾಂತ ಕ್ರಮವೂ ವಿದ್ಯುತ್ ಕ್ರಮವೂ ಒಟ್ಟಿಗೇ ಇವೆ. ಅದರಲ್ಲಿ ಅಕ್ಕಪಕ್ಕದ ಕಬ್ಬಿಣದ ಪರಮಾಣುಗಳ ಪುಟ್ಟ ಕಾಂತಗಳು, ಅಂದರೆ ಸ್ಪಿನ್‌ಗಳು ಎದುರುಬದುರಾಗಿ ನಿಲ್ಲುತ್ತವೆ. ಆ ಜೋಡಣೆಯೂ ನಿಧಾನಕ್ಕೆ ತಿರುಗುತ್ತಾ ಸುಮಾರು 62 ನ್ಯಾನೊಮೀಟರಿಗೆ ಒಂದು ಸುತ್ತು ಮುಗಿಸುತ್ತದೆ. ಸುತ್ತು ಪೂರ್ತಿಯಾದರೆ ಉಳಿದ ಚೂರುಪಾರು ಕಾಂತತ್ವವೂ ಕಳೆದು ಸೊನ್ನೆಯಾಗುತ್ತದೆ. ಕಣ ಅದಕ್ಕಿಂತ ಚಿಕ್ಕದಿದ್ದರೆ ಸುತ್ತು ಮುಗಿಯುವುದಿಲ್ಲ, ಮೇಲ್ಮೈಯ ಸ್ಪಿನ್‌ಗಳಿಗೂ ಜೋಡಿ ಸಿಗುವುದಿಲ್ಲ. ಹಾಗಾಗಿ ದುರ್ಬಲ ಕಾಂತತ್ವ ಕಾಣುತ್ತದೆ. ನಮಗೆ ಬೇಕಿರುವುದು ಇದೇ.

0.02 ಮೋಲ್ ಬ್ಯಾಚಿಗೆ ಬಿಸ್ಮತ್ ನೈಟ್ರೇಟ್ ಪೆಂಟಾಹೈಡ್ರೇಟ್ 9.70 ಗ್ರಾಂ, ಫೆರಿಕ್ ನೈಟ್ರೇಟ್ ನೊನಾಹೈಡ್ರೇಟ್ 8.08 ಗ್ರಾಂ, ಟಾರ್ಟಾರಿಕ್ ಆಮ್ಲ 6.00 ಗ್ರಾಂ. ಬಿಸ್ಮತ್ ಉಪ್ಪನ್ನು ಬರೀ ನೀರಿಗೆ ಹಾಕಬಾರದು, ಹಾಲಿನಂತೆ ಬೆಳ್ಳಗೆ ಒಡೆಯುತ್ತದೆ. ಮೊದಲು 2 ಮೋಲಾರ್ ನೈಟ್ರಿಕ್ ಆಮ್ಲದಲ್ಲಿ ಕರಗಿಸಿ. ಬೋರ್ ನೀರು ಬೇಡವೇ ಬೇಡ: ಅದರ ಕ್ಲೋರೈಡ್ ಬಿಸ್ಮತ್ ಜೊತೆ ಸೇರಿ ಕರಗದ ಆಕ್ಸಿಕ್ಲೋರೈಡ್ ಆಗುತ್ತದೆ. ಬೀಕರ್ ತೊಳೆಯುವ ಕೊನೆಯ ನೀರೂ ಡಿಸ್ಟಿಲ್ಡ್ ಇರಲಿ. ಮೂರನ್ನೂ ಸೇರಿಸಿ 80 ಡಿಗ್ರಿಯಲ್ಲಿ ಕಲಕಿದರೆ ಜೆಲ್ ಆಗುತ್ತದೆ. ಅದು ಉರಿದು ಪುಡಿಯಾಗುವಾಗ ಕಂದು ಹೊಗೆ ಏಳುತ್ತದೆ, ಫ್ಯೂಮ್ ಹುಡ್ ಕಡ್ಡಾಯ. ಮಳೆಗಾಲದಲ್ಲಿ ಫೆರಿಕ್ ನೈಟ್ರೇಟ್ ತೇವ ಹೀರಿ ತೂಕ ತಪ್ಪಿಸುತ್ತದೆ. ಇಲ್ಲಿಯ ಒಣ ಬೇಸಿಗೆಯಲ್ಲಿ ಆ ಕಾಟ ಕಡಿಮೆ.

ಪುಡಿಯನ್ನು ನಾಲ್ಕು ಪಾಲು ಮಾಡಿ 450, 500, 550, 600 ಡಿಗ್ರಿಯಲ್ಲಿ ಎರಡೆರಡು ಗಂಟೆ ಸುಡುವುದು. ತಾಪ ಏರಿದಷ್ಟೂ ಕಣ ಬೆಳೆಯುತ್ತದೆ. ನಡುವೆ ಕರೆಂಟ್ ಹೋದರೆ ಆ ಪಾಲನ್ನು ಹೋಲಿಕೆಯಿಂದ ತೆಗೆಯಬೇಕು: ಎಷ್ಟು ಹೊತ್ತು ಯಾವ ತಾಪದಲ್ಲಿತ್ತೆಂಬ ಲೆಕ್ಕವೇ ಕೆಡುತ್ತದೆ.

ಎಕ್ಸ್‌ರೇ ಡಿಫ್ರಾಕ್ಷನ್‌ನಲ್ಲಿ (ಹರಳಿನಿಂದ ಚದುರಿದ ಕಿರಣಗಳ ಕೋನ ಅಳೆಯುವ ವಿಧಾನ) ಮೊದಲು 27ರಿಂದ 30 ಡಿಗ್ರಿ ಕೋನದವರೆಗೆ ನೋಡಿ. ಅಲ್ಲಿ ಬಿಸ್ಮತ್ ಫೆರೈಟಿಗೆ ಗೆರೆಯೇ ಇಲ್ಲ. ಏನಾದರೂ ಎದ್ದಿದ್ದರೆ ಕಲಬೆರಕೆ. ಗಾತ್ರದ ಲೆಕ್ಕಕ್ಕೆ 22.4 ಡಿಗ್ರಿಯ ಗೆರೆ ಒಳ್ಳೆಯದು. 32ರ ಹತ್ತಿರದ ಜೋಡಿ ಗೆರೆಗಳು ಒಂದರ ಮೇಲೊಂದು ಬಿದ್ದು ಅಗಲವಾಗುತ್ತವೆ, ಕಣ ಇರುವುದಕ್ಕಿಂತ ಚಿಕ್ಕದೆಂದು ತೋರುತ್ತದೆ. ಗೆರೆಯ ಅಗಲದಿಂದ ಕಣದ ಗಾತ್ರ ಹೇಳುವ ಶೆರರ್ ಸೂತ್ರದಂತೆ 20 ನ್ಯಾನೊಮೀಟರ್ ಕಣಕ್ಕೆ ಅಗಲ 0.40 ಡಿಗ್ರಿ, 62ಕ್ಕೆ ಬರೀ 0.13. ಅಷ್ಟು ಅಗಲ ಯಂತ್ರದ್ದೇ ಇರಬಹುದು. ಅದನ್ನು ಸಿಲಿಕಾನ್ ಪುಡಿಯಿಂದ ಅಳೆದು ಕಳೆಯದೆ 62ರ ಆಚೆ ಈಚೆ ಎಂದು ತೀರ್ಪು ಕೊಡಲಾಗದು. ಎಲೆಕ್ಟ್ರಾನ್ ಮೈಕ್ರೊಸ್ಕೋಪಿನ ಚಿತ್ರವೂ ಬೇಕು.

ಕಾಂತತ್ವ ಕಂಡ ಕೂಡಲೇ ಹಿಗ್ಗಬಾರದು. ಶೇ. 1ರಷ್ಟು ಮ್ಯಾಗ್ನೆಟೈಟ್ (ಬಲವಾದ ಕಾಂತತ್ವದ ಕಬ್ಬಿಣದ ಆಕ್ಸೈಡ್) ಸೇರಿಕೊಂಡರೂ ಕಾಂತತ್ವದ ಇಡೀ ವಕ್ರರೇಖೆ ಅದರದ್ದೇ ಆಗುತ್ತದೆ, ಡಿಫ್ರಾಕ್ಷನ್‌ನಲ್ಲಿ ಅದು ಕಾಣುವುದೂ ಕಷ್ಟ. ಬಿಸಿ ಮಾಡುತ್ತಾ ಅಳೆಯಿರಿ: ಬಿಸ್ಮತ್ ಫೆರೈಟಿನ ಕ್ರಮ ಸುಮಾರು 370 ಡಿಗ್ರಿಗೆ ಮುರಿಯುತ್ತದೆ, ಮ್ಯಾಗ್ನೆಟೈಟಿನದು 585ರವರೆಗೆ ಉಳಿಯುತ್ತದೆ.

ವಿದ್ಯುತ್ ಕ್ರಮದ ಅಳತೆ ಇನ್ನೂ ಬಾಕಿ. ಪುಡಿಯನ್ನು ಬರೀ ಒತ್ತಿ ಮಾಡಿದ ಬಿಲ್ಲೆ (ಪೆಲೆಟ್) ರಂಧ್ರಮಯ, ಆಕ್ಸಿಜನ್ ಕೊರತೆಯಿಂದ ಸೋರಿಕೆಯೂ ಇರುತ್ತದೆ. ಆಗ ವೋಲ್ಟೇಜ್ ಏರಿಳಿಸಿ ಅಳೆದರೆ ಬರುವ ದುಂಡನೆಯ ಲೂಪ್ ಫೆರೊಎಲೆಕ್ಟ್ರಿಕ್ ಗುಣವಲ್ಲ (ವಿದ್ಯುತ್ ಕ್ರಮವನ್ನು ತಿರುಗಿಸಬಲ್ಲ ಗುಣ), ಸೋರಿದ ಕರೆಂಟು. ಗಟ್ಟಿಯಾಗಲೆಂದು 800ರ ಹತ್ತಿರ ಸುಟ್ಟರೆ ಕಣ ಬೆಳೆದು, ಕಷ್ಟಪಟ್ಟು ಉಳಿಸಿಕೊಂಡ ಗಾತ್ರವೇ ಹೋಗುತ್ತದೆ. ಆದ್ದರಿಂದ ಪೆಲೆಟ್ ಸುಟ್ಟ ಮೇಲಿನ ಗಾತ್ರವನ್ನೂ ಅಳೆದು ಲೂಪಿನ ಪಕ್ಕದಲ್ಲೇ ಬರೆಯುತ್ತೇವೆ, ಪುಡಿಯ ಗಾತ್ರವನ್ನಲ್ಲ.