ಮಂಗಳವಾರ ಮಧ್ಯಾಹ್ನದ ಯುದ್ಧ

ಮಂಗಳವಾರ ನನಗೆ ವಾರದ ರಜೆ. ಆ ದಿನ ನಾನು ಯುದ್ಧದ ಪಾಠ ಕೇಳಲು ಹೋಗುತ್ತೇನೆ ಅಂದರೆ ಬೆಂಗಳೂರಿನಲ್ಲಿರುವ ತಮ್ಮನಿಗೆ ಇನ್ನೂ ನಗು. "ಏನಕ್ಕಾ, ಈ ವಾರ ಯಾರ ಮೇಲೆ ದಂಡೆತ್ತಿ ಹೊರಟೆ?" ಅಂತಾನೆ.

ನಾನಿರುವುದು ಆಕ್ಸ್‌ಫರ್ಡ್‌ನಲ್ಲಿ. ಕೆಲಸ ಊರಾಚೆಯ ಒಂದು ಗೋದಾಮಿನಲ್ಲಿ, ಸ್ಟಾಕ್ ನೋಡಿಕೊಳ್ಳುವುದು. ಯೂನಿವರ್ಸಿಟಿಗೂ ನನಗೂ ಇದ್ದ ನಂಟು ಅಂದರೆ ಅದರ ಗೋಡೆ ಪಕ್ಕ ನಿಂತು ಬಸ್ಸಿಗೆ ಕಾಯುವುದು, ಅಷ್ಟೇ. 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನ್ ಮೇಲೆ ನುಗ್ಗಿತಲ್ಲ, ಆಗ ದಿನಾ ರಾತ್ರಿ ಟಿವಿ ಮುಂದೆ ಕೂತರೂ ಏನೂ ತಿಳಿಯುತ್ತಿರಲಿಲ್ಲ. ಜೊತೆಗೆ ಕೆಲಸ ಮಾಡುವವರೊಬ್ಬರು ಹೇಳಿದರು: ಯೂನಿವರ್ಸಿಟಿಯಲ್ಲಿ ಇದರ ಬಗ್ಗೆಯೇ ಸೆಮಿನಾರ್ ಮಾಡುತ್ತಾರೆ, ಯಾರು ಬೇಕಾದರೂ ಹೋಗಬಹುದು, ದುಡ್ಡಿಲ್ಲ.

ನಂಬಲಿಲ್ಲ. ಹೋದೆ. ಬಾಗಿಲಲ್ಲಿ ಯಾರೂ ಕಾರ್ಡ್ ಕೇಳಲಿಲ್ಲ. ಮೂಲೆಯಲ್ಲಿ ಸ್ಯಾಂಡ್‌ವಿಚ್ ತಟ್ಟೆ ಬೇರೆ ಇತ್ತು. ಅದು ನಮಗಾ, ಬೇರೆ ಯಾರಿಗಾದರೂ ಇಟ್ಟಿದ್ದಾ ಗೊತ್ತಾಗದೆ ಮುಟ್ಟದೇ ಕೂತಿದ್ದೆ. ಎರಡನೇ ವಾರದಿಂದ ಆ ಸಂಕೋಚ ಹೋಯಿತು.

ಯುದ್ಧದ ಚಹರೆ ಹೇಗೆ ಬದಲಾಗುತ್ತಿದೆ ಅಂತ ನೋಡುವುದಕ್ಕೇ ಇಲ್ಲಿ 2003ರಿಂದ ಒಂದು ಕೇಂದ್ರ ನಡೆಯುತ್ತಿದೆ. ಮಿಲಿಟರಿ ಇತಿಹಾಸಕ್ಕೆ ಅಂತಲೇ ಒಂದು ಪ್ರೊಫೆಸರ್ ಹುದ್ದೆ 1909ರಷ್ಟು ಹಿಂದೆಯೇ ಹುಟ್ಟಿತ್ತಂತೆ. ಕೇಳಲು ಬರುವವರು ನಾನಾ ಥರ. ವಿದ್ಯಾರ್ಥಿಗಳು, ರಜೆ ಹಾಕಿ ಓದಲು ಬಂದ ಸೇನಾ ಅಧಿಕಾರಿಗಳು, ಹಳೇ ಸೈನಿಕರು, ನನ್ನಂಥ ಒಬ್ಬಿಬ್ಬರು. ಮಾತಾಡಿದವರ ಹೆಸರು ನಾನಿಲ್ಲಿ ಹಾಕುತ್ತಿಲ್ಲ. ಎಷ್ಟೋ ಸಲ ಶುರುವಿನಲ್ಲೇ 'ಚ್ಯಾಥಮ್ ಹೌಸ್ ನಿಯಮ' ಅನ್ನುತ್ತಾರೆ. ಕೇಳಿದ ವಿಷಯ ಹೊರಗೆ ಹೇಳಬಹುದು, ಹೇಳಿದ್ದು ಯಾರು ಅನ್ನುವಂತಿಲ್ಲ. 1927ರ ನಿಯಮ ಇದು. ನಮ್ಮ ಗೋದಾಮಿನ ಚಹಾ ಬಿಡುವಿಗೂ ಇದು ಬಂದರೆ ಎಷ್ಟು ಚೆನ್ನಾಗಿರುತ್ತೆ.

ನಾನು ಹೆದರಿಕೊಂಡೇ ಹೋಗಿದ್ದೆ, ಎಲ್ಲಾ ಕ್ಷಿಪಣಿ, ಸಿದ್ಧಾಂತ ಅಂತ. ಆದರೆ ಮೂರನೇ ವಾರ ಒಬ್ಬರು ತೋಪಿನ ಗುಂಡಿನ ಲೆಕ್ಕ ಹಾಕತೊಡಗಿದಾಗ ನಾನು ನೆಟ್ಟಗೆ ಕೂತೆ. 155 ಮಿಲಿಮೀಟರ್ ಗುಂಡು ಒಂದೊಂದೂ ಸುಮಾರು 45 ಕೆ.ಜಿ. ಯುದ್ಧಕ್ಕೆ ಮೊದಲು ಅಮೆರಿಕ ಇಡೀ ದೇಶದಲ್ಲಿ ತಿಂಗಳಿಗೆ ಮಾಡುತ್ತಿದ್ದದ್ದು ಸುಮಾರು 14,000. ಯುರೋಪಿಯನ್ ಒಕ್ಕೂಟ 2023ರ ಮಾರ್ಚ್‌ನಲ್ಲಿ ಉಕ್ರೇನಿಗೆ ವರ್ಷದೊಳಗೆ 10 ಲಕ್ಷ ಗುಂಡು ಕೊಡುತ್ತೇವೆ ಅಂತ ಮಾತು ಕೊಟ್ಟಿತು. ಗಡುವು ಮುಗಿಯುವ ಹೊತ್ತಿಗೆ ಅರ್ಧದ ಆಸುಪಾಸು ಬಂದಿತ್ತು. ಪಕ್ಕದಲ್ಲಿದ್ದ ಹುಡುಗ ರಾಜಕೀಯ ಅಂತ ಗೊಣಗಿದ. ನನಗೆ ಕಂಡದ್ದೇ ಬೇರೆ. ಕಪಾಟಿನಲ್ಲಿ ಮಾಲಿಲ್ಲ, ಸಪ್ಲೈಯರ್ ಹತ್ತಿರ ಸಿಡಿಮದ್ದಿಲ್ಲ, ಹೊಸ ಮೆಷಿನ್ ಬರಲು ತಿಂಗಳುಗಟ್ಟಲೆ ಬೇಕು, ಮೇಲಿನವರು ಮಾತ್ರ ಗಿರಾಕಿಗೆ ತಾರೀಖು ಕೊಟ್ಟು ಕೂತಿದ್ದಾರೆ. ಇದು ನನಗೆ ಗೊತ್ತಿಲ್ಲದ ಕಥೆಯಾ?

ಆಮೇಲೆ ಕೇಳಿದ್ದೆಲ್ಲಾ ಹಾಗೇ ಕೇಳಿಸತೊಡಗಿತು. 2020ರಲ್ಲಿ ನಾಗೋರ್ನೊ-ಕರಬಾಖ್ ಅನ್ನುವ ಪ್ರದೇಶಕ್ಕಾಗಿ ಅಜರ್‌ಬೈಜಾನ್, ಅರ್ಮೇನಿಯಾ ನಡುವೆ 44 ದಿನ ಯುದ್ಧ ನಡೆಯಿತು. ಅಜರ್‌ಬೈಜಾನ್ ಡ್ರೋನ್‌ಗಳಿಂದ ಗೆದ್ದಿತು ಅಂತ ಎಲ್ಲರೂ ಬರೆದರು. ಆದರೆ ಅವರು ಆನ್-2 ಅನ್ನುವ ಹಳೇ ವಿಮಾನಗಳನ್ನೂ ಪೈಲಟ್ ಇಲ್ಲದೆ ಹಾರಿಸಿದ್ದರು. 1940ರ ದಶಕದ ಮಾದರಿ, ಹೊಲಕ್ಕೆ ಔಷಧಿ ಹೊಡೆಯುವಂಥದ್ದು. ಅದನ್ನು ಹೊಡೆಯಲು ಅರ್ಮೇನಿಯಾದವರು ರಾಡಾರ್ ಹಾಕಿದರೆ ಅವರ ಜಾಗ ಬಯಲಾಗುತ್ತೆ. ಗುಜರಿ ಸಾಮಾನಿಗೂ ಒಂದು ಕೆಲಸ! ಈಗ ಉಕ್ರೇನಿನಲ್ಲಿ ತಮ್ಮ ಬೆನ್ನ ಹಿಂದೆ ಸಣ್ಣ ಗಾಜಿನ ಎಳೆ ಬಿಚ್ಚಿಕೊಳ್ಳುತ್ತಾ ಹಾರುವ ಡ್ರೋನ್‌ಗಳಿವೆ. ಗಾಳಿಪಟದ ದಾರದ ಹಾಗೆ. ಸಿಗ್ನಲ್ ಎಲ್ಲಾ ಆ ಎಳೆಯಲ್ಲೇ ಹೋಗುವುದರಿಂದ ರೇಡಿಯೋ ಸಿಗ್ನಲ್ ಕೆಡಿಸುವ ಜಾಮರ್‌ನಿಂದ ಏನೂ ಮಾಡಲಾಗುವುದಿಲ್ಲ.

ಹೆಚ್ಚುಕಮ್ಮಿ ಒಂದು ವರ್ಷ ಬಾಯಿ ಬಿಡದೆ ಕೂತಿದ್ದೆ. ಬಾಯಿ ಬಿಟ್ಟದ್ದು ಪ್ಯಾಲೆಸ್ಟೈನಿನ ಮೊದಲ ಮಹಾಯುದ್ಧದ ಬಗ್ಗೆ ಮಾತಾಡಿದ ದಿನ. 1918ರ ಸೆಪ್ಟೆಂಬರ್ 23ರಂದು ಹೈಫಾ ಊರನ್ನು ಹಿಡಿದದ್ದು ಬ್ರಿಟಿಷರ ಪರ ಹೋರಾಡುತ್ತಿದ್ದ ಕುದುರೆ ದಳ, ಜೋಧಪುರ ಮತ್ತು ಮೈಸೂರು ಲ್ಯಾನ್ಸರ್ಸ್, ಅಂದರೆ ಈಟಿ ಹಿಡಿದ ಸವಾರರು. ಎದುರಿಗೆ ತುರ್ಕಿಯವರ ಮೆಷಿನ್‌ಗನ್. ಕಾರ್ಮೆಲ್ ಗುಡ್ಡದ ಮೇಲಿನ ಫಿರಂಗಿಗಳ ಕಡೆ ಹತ್ತಿದವರು ಮೈಸೂರಿನವರು. ಪರದೆ ಮೇಲೆ 'ಮೈಸೂರು' ಅಂತ ಓದಿದ ಕೂಡಲೇ ಕೈ ತಾನಾಗೇ ಮೇಲೆದ್ದಿತ್ತು. ಎಲ್ಲರೂ ತಿರುಗಿ ನೋಡಿದರು. ಶೌರ್ಯದ ಬಗ್ಗೆ ಏನಾದರೂ ಕೇಳುತ್ತೇನೆ ಅಂದುಕೊಂಡರೋ ಏನೋ. ನಾನು ಕೇಳಿದ್ದು, "ಆ ಕುದುರೆಗಳಿಗೆಲ್ಲಾ ನೀರು ಎಲ್ಲಿಂದ ಬರುತ್ತಿತ್ತು?"

ಭಾಷಣ ಮಾಡಿದವರ ಮುಖ ಅರಳಿತು. ಹತ್ತು ನಿಮಿಷ ಅದೇ ಮಾತು. ಹೈಫಾ ತಲುಪುವ ಮುಂಚಿನ ಕಥೆಯಂತೆ ಅದು. ಬ್ರಿಟಿಷರು ಈಜಿಪ್ಟಿನಿಂದ ಸಿನಾಯ್ ಮರಳುಗಾಡಿನುದ್ದಕ್ಕೂ ರೈಲು ಹಳಿ ಹಾಕುತ್ತಾ ಹೋದರು, ಅದರ ಜೊತೆಗೇ ನೈಲ್ ನೀರಿನ ಪೈಪು. ಪೈಪು ಮುಗಿದಲ್ಲಿಂದ ಮುಂದಕ್ಕೆ ಒಂಟೆಗಳ ಮೇಲೆ ನೀರು. ಬಾವಿ ಸಿಕ್ಕ ಊರು ಹಿಡಿಯುವುದೇ ಎಷ್ಟೋ ಸಲ ದಿನದ ಗುರಿ.

ನಾನು ಹುಟ್ಟಿ ಬೆಳೆದದ್ದು ಬೆಂಗಳೂರಿನ ಜೆ.ಸಿ. ನಗರದ ಹತ್ತಿರ. ಅಲ್ಲಿ ಮೈಸೂರು ಲ್ಯಾನ್ಸರ್ಸ್ ನೆನಪಿನ ಕಂಬ ಇದೆ. ಸ್ಕೂಲಿಗೆ ಹೋಗುವಾಗ ಬರುವಾಗ ಎಷ್ಟು ಸಲ ದಾಟಿದ್ದೇನೋ, ಒಂದು ದಿನವೂ ಓದಿರಲಿಲ್ಲ. ಅವತ್ತು ರಾತ್ರಿ ತಮ್ಮನಿಗೆ ಫೋನ್ ಮಾಡಿ, ಹೋಗಿ ಫೋಟೋ ತೆಗೆದು ಕಳಿಸು ಅಂದೆ.

ಮರುದಿನ ವಾಟ್ಸಾಪ್‌ನಲ್ಲಿ ಫೋಟೋ ಬಂತು. ಕೆಳಗೆ ಒಂದು ಸಾಲು: "ಇದಾ? ಇದರ ಪಕ್ಕಾನೇ ಅಲ್ವೇನೇ ನಾನು ದಿನಾ ಗಾಡಿ ನಿಲ್ಲಿಸೋದು."