ಬಾಡಿ ಆಮೇಲೆ ನೋಡೋಣ, ಮೊದಲು ಲೆನ್ಸ್ ತಗೊಳ್ಳಿ

ಅಣ್ಣನ ಮಗಳು ಬ್ಯಾಡ್ಮಿಂಟನ್ ಆಡಲು ಶುರು ಮಾಡಿದಾಗಿನಿಂದ ಕಾರವಾರ, ಕುಮಟಾ, ಶಿರಸಿ ಎಂದು ಅವಳ ಜೊತೆ ಸುತ್ತುತ್ತ ಪಂದ್ಯಗಳ ಫೋಟೊ ತೆಗೆಯುತ್ತೇನೆ. ಈಗ ಬೇರೆ ಮಕ್ಕಳ ಅಪ್ಪ-ಅಮ್ಮಂದಿರೂ ಕೇಳುತ್ತಾರೆ, "ಹೊಸ ಕ್ಯಾಮೆರಾ ತಗೊಳ್ಬೇಕು ಅಂತ ಇದ್ದೆ, ಯಾವುದು ಒಳ್ಳೇದು?" ಕೈಯಲ್ಲೊಂದು ಹಳೆಯ ಡಿಎಸ್‌ಎಲ್‌ಆರ್ (ಲೆನ್ಸ್ ಬಿಚ್ಚಿ ಬದಲಿಸಬಹುದಾದ ಕ್ಯಾಮೆರಾ) ಇದ್ದರೆ ಅದರ ಬಾಡಿಯೇ (ಲೆನ್ಸ್ ಬಿಟ್ಟ ಕ್ಯಾಮೆರಾ) ಸಾಕು, ದುಡ್ಡನ್ನು ಲೆನ್ಸಿಗೆ ಹಾಕಿ ಅನ್ನುತ್ತೇನೆ.

ನಮ್ಮ ಕಡೆಯ ಹಾಲ್‌ಗಳಲ್ಲಿ ಬೆಳಕು ಕಡಿಮೆ. ಮೇಲೆ ತಗಡಿನ ಶೀಟು, ಅಲ್ಲಲ್ಲಿ ಟ್ಯೂಬ್‌ಲೈಟು, ಹೊರಗೆ ಮೋಡ ಕವಿದ ಮಳೆಗಾಲ. ಕ್ಯಾಮೆರಾ ಜೊತೆ ಬರುವ 18-55 ಎಂಎಂ ಲೆನ್ಸನ್ನು ಪೂರ್ತಿ ಝೂಮ್ ಮಾಡಿದರೆ ಅಪರ್ಚರ್, ಅಂದರೆ ಬೆಳಕು ಒಳಗೆ ಬರುವ ಕಿಂಡಿ, ಎಫ್ 5.6ಕ್ಕಿಂತ ಹೆಚ್ಚು ತೆರೆದುಕೊಳ್ಳುವುದಿಲ್ಲ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು). ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200ಕ್ಕೆ ಏರಿಸಿದರೂ ಶಟರ್ 1/60 ಸೆಕೆಂಡಿನ ಆಸುಪಾಸು ತೆರೆದೇ ಇರಬೇಕು, ಆಟದ ವೇಗಕ್ಕೆ ಅದು ತೀರಾ ನಿಧಾನ. ಸ್ಮ್ಯಾಶ್ ಹೊಡೆಯುವ ಕೈ ಬರೀ ಮಂಜು. ಎಫ್ 2ಕ್ಕೆ ತೆರೆಯುವ ಲೆನ್ಸು ಅದರ ಎಂಟು ಪಟ್ಟು ಬೆಳಕು ಒಳಗೆ ಬಿಡುತ್ತದೆ, ಅಲ್ಲೇ 1/500 ಸೆಕೆಂಡಿನ ಶಟರ್ ಸಿಗುತ್ತದೆ. 70-200 ಎಂಎಂ ಎಫ್ 2.8 ಝೂಮ್ ಲೆನ್ಸ್ ಒಳ್ಳೆಯದೇ, ಆದರೆ ಆ ಬೆಲೆ ನಮ್ಮಂಥವರಿಗಲ್ಲ. 50 ಎಂಎಂ ಎಫ್ 1.8 ಎಲ್ಲಕ್ಕಿಂತ ಅಗ್ಗ. ಕಬಡ್ಡಿ ಮ್ಯಾಟಿನ ಅಂಚಿನಲ್ಲಿ ಕೂತು ತೆಗೆಯಲು ಅದೇ ಸರಿ. ಬ್ಯಾಡ್ಮಿಂಟನ್ನಿಗೆ ಇನ್ನಷ್ಟು ದೂರದ್ದನ್ನು ಹತ್ತಿರ ತೋರಿಸುವ 85 ಎಂಎಂ ಎಫ್ 1.8. ಕ್ಯಾನನ್‌ನ ಈ ಲೆನ್ಸು 1992ರದ್ದು, ಆದರೂ ಫೋಕಸ್ ಚುರುಕು, ಸೆಕೆಂಡ್ ಹ್ಯಾಂಡಿನಲ್ಲಿ ಹುಡುಕಿದರೆ ಸಿಗುತ್ತದೆ. ನಿಕಾನ್ ಡಿ3000, ಡಿ5000 ಸಾಲಿನ ಬಾಡಿ ಇದ್ದವರು ಜೋಪಾನ: ಅವುಗಳಲ್ಲಿ ಫೋಕಸ್ ಮೋಟಾರ್ ಇಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಒಳಗೆ ಮೋಟಾರ್ ಇಲ್ಲದ ಹಳೆಯ 'ಡಿ' ಲೆನ್ಸ್ ತಂದರೆ ಫೋಕಸ್ಸನ್ನು ಕೈಯಲ್ಲೇ ತಿರುಗಿಸಬೇಕು. ಎಎಫ್-ಎಸ್ (ಲೆನ್ಸಿನೊಳಗೇ ಮೋಟಾರ್ ಇರುವುದು) ಅಂತ ಬರೆದದ್ದನ್ನೇ ನೋಡಿ ತಗೊಳ್ಳಿ.

ಈ 50, 85 ಲೆನ್ಸುಗಳಲ್ಲಿ ಝೂಮ್ ಇಲ್ಲವಲ್ಲ, ಹೇಗೆ? ಜಾಗ ಹುಡುಕಬೇಕು. ಕೋರ್ಟಿನ ಉದ್ದ 13.4 ಮೀಟರ್ ಅಷ್ಟೇ. ಬೇಸ್‌ಲೈನಿನ ಹಿಂದಿನ ಮೂಲೆಯಲ್ಲಿ ನೆಲಕ್ಕೆ ಕೂತರೆ ನೆಟ್ಟಿನಾಚೆಯ ಮಗುವಿನ ಮುಖ ನೇರ ಸಿಗುತ್ತದೆ. ಅಂಪೈರರನ್ನು ಮೊದಲೇ ಕೇಳಿಕೊಳ್ಳಿ. ಫ್ಲ್ಯಾಶ್ ಮಾತ್ರ ಬೇಡವೇ ಬೇಡ, ಕಾಕ್ ನೋಡುತ್ತಿರುವ ಕಣ್ಣಿಗೆ ಅದು ಅನ್ಯಾಯ.

ಒಂದು ಫೋಟೊ ಹಳದಿ, ಮುಂದಿನದು ಕಪ್ಪು ಬಂದರೆ ಲೆನ್ಸನ್ನು ಬೈಯಬೇಡಿ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಟ್ಯೂಬು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಚುರುಕು ಶಟರ್ ಆ ಮಿನುಗಿನ ಯಾವ ಕ್ಷಣಕ್ಕೆ ಸಿಕ್ಕಿತೋ ಫೋಟೊ ಹಾಗೆ ಬರುತ್ತದೆ. ಕ್ಯಾನನ್ 7ಡಿ ಮಾರ್ಕ್ 2, 80ಡಿಯಲ್ಲಿ ಆ್ಯಂಟಿ-ಫ್ಲಿಕರ್ ಇದೆ, ಬೆಳಕು ಜೋರಾಗಿರುವ ಕ್ಷಣ ನೋಡಿಯೇ ಅದು ಕ್ಲಿಕ್ ಮಾಡಿಸುತ್ತದೆ. ಮುಂದೆ ಬಾಡಿ ಬದಲಿಸುವುದಾದರೆ ಇದೇ ನನ್ನ ಮೊದಲ ಕಾರಣ.

ಇಷ್ಟೆಲ್ಲ ಯಾಕೆಂದರೆ, ನಮ್ಮೂರ ಮಕ್ಕಳ ಪಾಲಿಗೆ ಉಳಿಯುವುದು ಬಹುಮಾನ ವಿತರಣೆಯ ಸಾಲು ಫೋಟೊ ಒಂದೇ. ಗಾಳಿಯಲ್ಲಿ ಹಾರಿದ ತನ್ನನ್ನೇ ತಾನು ನೋಡುವ ಹಕ್ಕು ಅವರಿಗಿಲ್ಲವೇ?

ಸೆಕೆಂಡ್ ಹ್ಯಾಂಡ್ ಲೆನ್ಸನ್ನು ಮೊಬೈಲ್ ಟಾರ್ಚ್ ಹಿಡಿದು ಹಿಂದಿನಿಂದ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಫಂಗಸ್, ಎಷ್ಟು ಅಗ್ಗವಾದರೂ ಬೇಡ. ಕರಾವಳಿಯ ತೇವಕ್ಕೆ ಚೆನ್ನಾಗಿರುವ ಲೆನ್ಸೂ ಬೂಸ್ಟು ಹಿಡಿಯುತ್ತದೆ, ಶಿರಸಿಯ ಮಳೆಯೇನೂ ಕಡಿಮೆಯಲ್ಲ. ಬಟ್ಟೆ ಬ್ಯಾಗಿನಲ್ಲಿಟ್ಟು ಕಪಾಟಿಗೆ ತುರುಕಬೇಡಿ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್. ಅದರ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ. ಡಬ್ಬಿಯನ್ನು ಜೂನ್‌ಗಿಂತ ಮೊದಲೇ ತಂದಿಟ್ಟುಕೊಳ್ಳಿ.