‘ತಪ್ಪು ಹೆಂಡತಿಯದೇ ಅಲ್ಲವೇ?’ ಎಂದು ಕೇಳುವವರಿಗೆ

1999ರ ಕೊರಿಯನ್ ಚಿತ್ರ ‘ಹ್ಯಾಪಿ ಎಂಡ್’ ಅನ್ನು ಯಾರಿಗೆ ತೋರಿಸಿದರೂ ಕೊನೆಯಲ್ಲಿ ನನ್ನ ಪಾಲಿಗೆ ಬರುವುದು ಇದೊಂದೇ ಪ್ರಶ್ನೆ. ಇದರಲ್ಲಿ ತೀರ್ಪು ಮೊದಲೇ ಸಿದ್ಧವಾಗಿರುತ್ತದೆ, ನನ್ನಿಂದ ಬೇಕಾಗಿರುವುದು ರುಜು ಮಾತ್ರ. ನಾನು ರುಜು ಹಾಕುವುದಿಲ್ಲ. ಕಥೆ ಬಯಲು ಮಾಡದೆ ಕಾರಣ ಹೇಳಲಾಗದು. ಚಿತ್ರ ನೋಡದವರು ಇಲ್ಲಿಗೇ ಎದ್ದು ಹೋಗಬಹುದು.

ಜಂಗ್ ಜಿ-ವೂ ನಿರ್ದೇಶನದ ಈ ಚಿತ್ರದಲ್ಲಿ, 1997ರ ಆರ್ಥಿಕ ಕುಸಿತದ ಬೆನ್ನಲ್ಲೇ ಬ್ಯಾಂಕಿನ ಕೆಲಸ ಕಳೆದುಕೊಂಡ ಗಂಡ (ಚೋಯ್ ಮಿನ್-ಸಿಕ್) ಮಗುವನ್ನು ನೋಡಿಕೊಳ್ಳುತ್ತ, ಹಳೆಯ ಪುಸ್ತಕದಂಗಡಿಯಲ್ಲಿ ಪ್ರೇಮ ಕಾದಂಬರಿ ಓದುತ್ತ ದಿನ ದೂಡುತ್ತಾನೆ. ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಸಂಸ್ಥೆ ನಡೆಸಿ ಸಂಸಾರ ಸಾಕುವ ಹೆಂಡತಿಗೆ (ಜಿಯೋನ್ ದೋ-ಯಾನ್) ಹಳೆಯ ಪ್ರಿಯಕರನೊಡನೆ ಸಂಬಂಧವಿದೆ. ಅವನನ್ನು ಕಾಣಲು ಹೋಗುವಾಗ ಅವಳು ಮಗುವಿನ ಹಾಲಿಗೆ ನಿದ್ರೆ ಗುಳಿಗೆ ಬೆರೆಸುತ್ತಾಳೆ. ಅದನ್ನು ನಾನೂ ಕ್ಷಮಿಸಿಲ್ಲ, ದಯವಿಟ್ಟು ಮತ್ತೆ ಮತ್ತೆ ನೆನಪಿಸಬೇಡಿ. ಆದರೆ ಗಂಡ ಅವಳನ್ನು ಕೊಂದು, ಸಾಕ್ಷ್ಯವೆಲ್ಲ ಪ್ರಿಯಕರನತ್ತ ಬೊಟ್ಟು ಮಾಡುವಂತೆ ಜೋಡಿಸಿಡುತ್ತಾನೆ ಎಂಬುದು ಮಾತ್ರ ಪ್ರಶ್ನೆ ಕೇಳುವವರ ಬಾಯಲ್ಲಿ ಬರುವುದೇ ಇಲ್ಲ.

ಒಮ್ಮೆ ಚಿತ್ರ ಮುಗಿದೊಡನೆ, ಬ್ಯಾಂಕಿನಿಂದ ಸ್ವಯಂ ನಿವೃತ್ತಿ ಪಡೆದಿರುವ ನಮ್ಮ ಚಿಕ್ಕಪ್ಪ, ‘ಪಾಪ, ಅವನು ಇನ್ನೇನು ಮಾಡಬೇಕಿತ್ತು ಹೇಳು?’ ಎಂದರು. ಒಳಗೆ ಪಾತ್ರೆ ತೊಳೆಯುತ್ತಿದ್ದ ಚಿಕ್ಕಮ್ಮ, ‘ನಿಮ್ಮ ಕಾಫಿ ಲೋಟ ನೀವೇ ತನ್ನಿ’ ಎಂದಷ್ಟೇ ಹೇಳಿದರು.

ಚಿಕ್ಕಪ್ಪ ಆ ಮಾತನ್ನು ನಿಜವಾದ ಪ್ರಶ್ನೆಯಾಗಿ ಕೇಳಿದ್ದರೆ ಎಷ್ಟು ಚೆನ್ನಾಗಿತ್ತು! ಮಾಡಲು ಒಂದು ದಾರಿ ಇತ್ತು. 1953ರ ಕೊರಿಯಾದ ದಂಡಸಂಹಿತೆಯ 241ನೆಯ ಕಲಮಿನ ಪ್ರಕಾರ ವ್ಯಭಿಚಾರ ಅಪರಾಧವಾಗಿತ್ತು. ವಿಚ್ಛೇದನಕ್ಕೆ ಅರ್ಜಿ ಹಾಕಿ ದೂರು ಕೊಟ್ಟರೆ ಹೆಂಡತಿಗೂ ಪ್ರಿಯಕರನಿಗೂ ಎರಡು ವರ್ಷಗಳವರೆಗೆ ಸೆರೆವಾಸ ಆಗಬಹುದಿತ್ತು. ಸಂವಿಧಾನ ನ್ಯಾಯಾಲಯ ಏಳು-ಎರಡರ ಬಹುಮತದಿಂದ ಆ ಕಲಮನ್ನು ರದ್ದು ಮಾಡಿದ್ದು 2015ರ ಫೆಬ್ರವರಿ 26ರಂದು. ಹಾಗಿದ್ದರೂ 1999ರ ಆ ಗಂಡ ಪೊಲೀಸ್ ಠಾಣೆಗೆ ಏಕೆ ಹೋಗಲಿಲ್ಲ? ಯಾರಾದರೂ ಇದನ್ನು ಕೇಳಲಿ ಎಂದು ಎಷ್ಟು ವರ್ಷಗಳಿಂದ ಕಾಯುತ್ತಿದ್ದೇನೆ.

ದೂರು ಬರೆದರೆ, ಕೆಲಸವಿಲ್ಲದ ತನ್ನನ್ನು ಬಿಟ್ಟು ಹೆಂಡತಿ ಬೇರೊಬ್ಬನನ್ನು ಬಯಸಿದಳು ಎಂಬುದನ್ನು ಅವನೇ ತನ್ನ ಕೈಯಾರೆ ಕಾಗದದ ಮೇಲೆ ಇಳಿಸಬೇಕಿತ್ತು, ಆಮೇಲೆ ಗಂಡನೆಂಬ ಸ್ಥಾನವನ್ನೂ ಬಿಟ್ಟುಕೊಡಬೇಕಿತ್ತು. ಕೊಂದದ್ದರಿಂದ ಅವನು ಹೆಂಡತಿಯನ್ನು ಕಳೆದುಕೊಂಡ ದುಃಖಿ ಗಂಡನಾಗಿಯೇ ಉಳಿದ. ನೋಡಿದವರೆಲ್ಲ ‘ಪಾಪ’ ಎನ್ನುವಂತಾಯಿತು. ಚಿಕ್ಕಪ್ಪನವರಂತೂ ಲೋಟ ಒಳಗಿಡುವ ಮೊದಲೇ ಎರಡು ಸಲ ಅಂದಿದ್ದರು.